ಈಜು ತಂಡಕ್ಕೆ ಮಗುವನ್ನು ಸೇರಿಸುವ ಮುನ್ನ

ಬೇಸಿಗೆಯ ರಜೆ ಬಂತೆಂದರೆ ನಮ್ಮ ಸೀಮೆಯ ಮಕ್ಕಳು ನೀರನ್ನು ಹುಡುಕಿಕೊಂಡು ಹೊರಡುತ್ತಾರೆ. ಹೊನ್ನಾಳಿಯ ಮಕ್ಕಳಿಗೆ ಊರ ಮಗ್ಗುಲಲ್ಲಿಯೇ ತುಂಗಭದ್ರೆ ಹರಿಯುತ್ತಾಳೆ. ಚನ್ನಗಿರಿ ತಾಲ್ಲೂಕಿನವರಿಗೆ ಸೂಳೆಕೆರೆಯೆಂದು ಹೆಸರಾದ ಶಾಂತಿಸಾಗರವಿದೆ, ಭದ್ರಾ ನಾಲೆಗಳಿವೆ. ನ್ಯಾಮತಿಯ ಕಡೆ ಕೆರೆಕಟ್ಟೆಗಳಿವೆ. ಬರಕ್ಕೆ ಹೆಸರಾದ ಜಗಳೂರಿನಲ್ಲಿಯೂ ಹೊಲಹೊಲಗಳಲ್ಲಿ ಕೃಷಿ ಹೊಂಡಗಳು ಬಂದಿವೆ. ಆ ಭಾಗದ 57 ಕೆರೆಗಳಿಗೆ ತುಂಗಭದ್ರೆಯ ನೀರನ್ನು ಎತ್ತಿ ತರುವ ಯೋಜನೆಯಿಂದ, ಒಣಗಿದ ಕೆರೆಯಂಗಳದಲ್ಲಿ ಆಡಿ ಬೆಳೆದ ಮಕ್ಕಳು ಈಗ ಆಳವಾದ ನೀರನ್ನು ಕಾಣುವಂತಾಗಿದೆ. ನೀರು ಬಂದದ್ದು ಸಂತೋಷ. ಆದರೆ ನೀರಿನೊಡನೆ ಬಾಳುವ ವಿದ್ಯೆಯನ್ನು ಮಕ್ಕಳಿಗೆ ಕಲಿಸಿದ್ದೇವೆಯೇ?

ಇದೇ ಹೊತ್ತಿನಲ್ಲಿ ಇನ್ನೊಂದು ಆಸೆಯೂ ಪೋಷಕರಲ್ಲಿ ಮೂಡುತ್ತಿದೆ. ಬೆಂಗಳೂರಿನಲ್ಲಿ ಬೆಳೆದ ದಿನಿಧಿ ದೇಸಿಂಗು 2024ರ ಪ್ಯಾರಿಸ್ ಒಲಿಂಪಿಕ್ಸ್‌ಗೆ ಹೋದಾಗ ಆಕೆಗೆ ಕೇವಲ 14 ವರ್ಷ. ಇಂಥ ಸುದ್ದಿಯನ್ನು ಓದಿದ ತಂದೆತಾಯಿಗಳು "ನಮ್ಮ ಮಗುವೂ ಚೆನ್ನಾಗಿ ಈಜುತ್ತದೆ, ಸ್ಪರ್ಧೆಯ ತಂಡಕ್ಕೆ ಸೇರಿಸಬಹುದೇ?" ಎಂದು ಕೇಳುತ್ತಾರೆ. ಸೇರಿಸಬಹುದು. ಆದರೆ ಅದಕ್ಕೆ ಮೊದಲು ಒಂದು ಮಾತನ್ನು ಮನಸ್ಸಿನಲ್ಲಿ ಇರಿಸಿಕೊಳ್ಳಬೇಕು. ಹೊಳೆಯಲ್ಲಿ ಮೀನಿನಂತೆ ಈಜುವ ಹುಡುಗ ಸ್ಪರ್ಧೆಗೆ ಸಿದ್ಧನೆಂದು ತಿಳಿಯಬಾರದು. ಈಜುಕೊಳದಲ್ಲಿ ಪದಕ ಗೆದ್ದ ಹುಡುಗಿ ನಾಲೆಯಲ್ಲಿ ಸುರಕ್ಷಿತಳೆಂದೂ ತಿಳಿಯಬಾರದು. ಇವೆರಡೂ ಬೇರೆ ಬೇರೆ ವಿದ್ಯೆಗಳು.

ಮೂರು ಮೆಟ್ಟಿಲುಗಳು

ಈಜಿನ ಕಲಿಕೆಗೆ ಮೂರು ಮೆಟ್ಟಿಲುಗಳಿವೆ. ಮೊದಲನೆಯದು ಉಳಿಯುವುದು: ನೀರಿಗೆ ಬಿದ್ದಾಗ ಗಾಬರಿಯಾಗದೆ ತೇಲುವುದು, ಉಸಿರನ್ನು ಕಾಪಾಡಿಕೊಳ್ಳುವುದು, ದಡ ಸೇರುವುದು. ಎರಡನೆಯದು ಈಜುವುದು: ಕೈಕಾಲು ಮತ್ತು ಉಸಿರನ್ನು ಹೊಂದಿಸಿಕೊಂಡು ಆಯಾಸವಿಲ್ಲದೆ ಸಾಗುವುದು. ಮೂರನೆಯದು ಸ್ಪರ್ಧಿಸುವುದು. ಮೊದಲ ಮೆಟ್ಟಿಲು ಪ್ರತಿಯೊಂದು ಮಗುವಿಗೂ ಬೇಕು. ಎರಡನೆಯದು ಸಾಧ್ಯವಿರುವ ಎಲ್ಲರಿಗೂ ಒಳ್ಳೆಯದು. ಮೂರನೆಯದು ಆಸೆಯೂ ಅನುಕೂಲವೂ ಇರುವ ಕೆಲವರಿಗೆ ಮಾತ್ರ. ಮೊದಲೆರಡನ್ನು ಬಿಟ್ಟು ಮೂರನೆಯದಕ್ಕೆ ಹಾರಿದರೆ ಮಗು ನೀರನ್ನೇ ದ್ವೇಷಿಸುವಂತಾಗುತ್ತದೆ.

ಭಾರತದ ಪರವಾಗಿ 2000ರ ಸಿಡ್ನಿ ಒಲಿಂಪಿಕ್ಸ್‌ನಲ್ಲಿ 200 ಮೀಟರ್ ಫ್ರೀಸ್ಟೈಲ್ ಈಜಿದ ಬೆಂಗಳೂರಿನ ನಿಶಾ ಮಿಲ್ಲೆಟ್ ಅವರ ಬಾಲ್ಯವನ್ನು ಇಲ್ಲಿ ನೆನೆಯಬಹುದು. ಚಿಕ್ಕಂದಿನಲ್ಲಿ ಅವರು ಮುಳುಗುವ ಅಪಾಯದಿಂದ ಪಾರಾದವರು. ಆ ಭಯವನ್ನು ಕಳೆಯಲೆಂದೇ ಈಜಿನ ಕಲಿಕೆ ಆರಂಭವಾಯಿತು. ಪದಕಗಳು ಬಂದದ್ದು ಅನಂತರ.

ತಂಡವೆಂದರೆ ಏನು?

ಸ್ಪರ್ಧೆಯ ಈಜಿನಲ್ಲಿ ನಾಲ್ಕು ಶೈಲಿಗಳಿವೆ: ಫ್ರೀಸ್ಟೈಲ್, ಬೆನ್ನು ಕೆಳಗಾಗಿ ಈಜುವ ಬ್ಯಾಕ್‌ಸ್ಟ್ರೋಕ್, ಕಪ್ಪೆಯಂತೆ ಕಾಲು ಬಡಿಯುವ ಬ್ರೆಸ್ಟ್‌ಸ್ಟ್ರೋಕ್ ಮತ್ತು ಬಟರ್‌ಫ್ಲೈ. ಈ ನಾಲ್ಕನ್ನೂ ಒಂದೇ ಓಟದಲ್ಲಿ ಈಜುವುದಕ್ಕೆ ಮೆಡ್ಲೆ ಎಂದು ಹೆಸರು. ಮಕ್ಕಳನ್ನು ವಯಸ್ಸಿಗೆ ತಕ್ಕಂತೆ ಗುಂಪು ಮಾಡಿ ಸ್ಪರ್ಧೆಗೆ ಬಿಡುತ್ತಾರೆ. ಶಾಲಾ ಕ್ರೀಡಾಕೂಟಗಳಲ್ಲಿಯೂ ಈಜಿಗೆ ಸ್ಥಾನವಿದೆ.

ಹೊಳೆಯಲ್ಲಿ ಈಜು ಕಲಿತ ಮಗು ಸಾಮಾನ್ಯವಾಗಿ ತಲೆಯನ್ನು ನೀರಿನ ಮೇಲೆತ್ತಿ ಈಜುತ್ತದೆ. ಎದುರಿನ ಸೆಳವು, ಬಂಡೆ, ದಡ ಎಲ್ಲವೂ ಕಾಣಬೇಕಲ್ಲವೇ! ಆದರೆ ತಲೆ ಮೇಲೆದ್ದರೆ ಸೊಂಟ ಕೆಳಗಿಳಿಯುತ್ತದೆ, ವೇಗ ತಗ್ಗುತ್ತದೆ. ಆದ್ದರಿಂದ ತರಬೇತುದಾರರು ಮುಖವನ್ನು ನೀರಿನಲ್ಲಿಟ್ಟು ಉಸಿರು ಬಿಡುವುದನ್ನು, ತಲೆಯನ್ನು ಮಗ್ಗುಲಿಗೆ ಹೊರಳಿಸಿ ಉಸಿರೆಳೆದುಕೊಳ್ಳುವುದನ್ನು ಮೊದಲಿನಿಂದ ಕಲಿಸುತ್ತಾರೆ. ಊರಿನಲ್ಲಿ ಎಲ್ಲರಿಗಿಂತ ಮುಂದಿದ್ದ ಹುಡುಗನನ್ನು ಅಲ್ಲಿ ಆರೇಳು ವರ್ಷದ ಮಕ್ಕಳ ಸಾಲಿನಲ್ಲಿ ನಿಲ್ಲಿಸಿದರೆ ಅವನಿಗೆ ಅವಮಾನವೆನಿಸುತ್ತದೆ. ಆಗ ಪೋಷಕರು "ಇದು ಹಿಂಬಡ್ತಿಯಲ್ಲ, ಹೊಸ ಪಾಠ" ಎಂದು ತಿಳಿಹೇಳಬೇಕು. ಬಹಳಷ್ಟು ಮಕ್ಕಳು ತಂಡವನ್ನು ಬಿಡುವುದು ಈ ಮೊದಲ ತಿಂಗಳುಗಳಲ್ಲಿಯೇ.

ದೇಹಕ್ಕಾಗುವ ಲಾಭ

ಕುತ್ತಿಗೆಯವರೆಗೆ ನೀರಿನಲ್ಲಿರುವಾಗ ದೇಹದ ಭಾರದಲ್ಲಿ ಹತ್ತರಲ್ಲಿ ಒಂಬತ್ತು ಪಾಲನ್ನು ನೀರೇ ಹೊರುತ್ತದೆ. ಆದ್ದರಿಂದ ಬೆಳೆಯುವ ಮೂಳೆ ಮತ್ತು ಕೀಲುಗಳಿಗೆ ಪೆಟ್ಟಿಲ್ಲದೆ ಹೃದಯ, ಶ್ವಾಸಕೋಶ, ಬೆನ್ನು, ಭುಜ, ತೊಡೆ ಎಲ್ಲಕ್ಕೂ ವ್ಯಾಯಾಮ ದೊರೆಯುತ್ತದೆ. ಸ್ಥೂಲಕಾಯದ ಮಕ್ಕಳಿಗೆ ಓಡುವುದಕ್ಕಿಂತ ಈಜು ಹಿತವಾಗಬಹುದು. ಅಂಗವೈಕಲ್ಯವಿರುವ ಮಕ್ಕಳಿಗೂ ಈ ಬಾಗಿಲು ತೆರೆದಿದೆ: ಎಡಗೈಯ ನ್ಯೂನತೆಯೊಡನೆ ಹುಟ್ಟಿದ ಬೆಂಗಳೂರಿನ ಶರತ್ ಗಾಯಕವಾಡ್ 2014ರ ಏಷ್ಯನ್ ಪ್ಯಾರಾ ಕ್ರೀಡಾಕೂಟದಲ್ಲಿ ಆರು ಪದಕಗಳನ್ನು ಗೆದ್ದರು.

ಆದರೆ ಅತಿಯಾದರೆ ಈಜೂ ನೋವು ತರುತ್ತದೆ. ಒಂದೇ ಚಲನೆಯನ್ನು ದಿನಕ್ಕೆ ಸಾವಿರಾರು ಬಾರಿ ಮಾಡಿದಾಗ ಭುಜದ ಸ್ನಾಯುಗಳು ಬಾಯುತ್ತವೆ. ಭುಜ ನೋಯುತ್ತದೆಂದು ಮಗು ಹೇಳಿದರೆ ಅದನ್ನು ಸೋಮಾರಿತನವೆಂದು ಗದರಿಸದೆ ವಿಶ್ರಾಂತಿ ಕೊಡಿಸಿ, ವೈದ್ಯರಿಗೆ ತೋರಿಸಬೇಕು. ವಾರದಲ್ಲಿ ಒಂದು ದಿನವಾದರೂ ಸಂಪೂರ್ಣ ಬಿಡುವು ಇರಲಿ. ಹನ್ನೆರಡು ಹದಿಮೂರು ವರ್ಷದವರೆಗೆ ಕೊಕ್ಕೊ, ಕಬಡ್ಡಿ, ಓಟ ಮೊದಲಾದ ಬೇರೆ ಆಟಗಳನ್ನೂ ಬಿಡಿಸಬಾರದು.

ಸೇರಿಸುವ ಮುನ್ನ ವೈದ್ಯರಲ್ಲಿಗೆ

ಮೂರ್ಛೆರೋಗ, ಹೃದಯದ ತೊಂದರೆ, ಉಬ್ಬಸ, ಕಿವಿ ಸೋರುವಿಕೆ ಇರುವ ಮಕ್ಕಳನ್ನು ವೈದ್ಯರ ಸಲಹೆಯಿಲ್ಲದೆ ಕೊಳಕ್ಕಿಳಿಸಬಾರದು. ಮೂರ್ಛೆರೋಗವಿದ್ದರೆ ಆ ವಿಷಯವನ್ನು ತರಬೇತುದಾರರಿಗೆ ಮುಚ್ಚುಮರೆಯಿಲ್ಲದೆ ತಿಳಿಸಬೇಕು. ಅಂಥ ಮಗು ನೀರಿನಲ್ಲಿರುವಷ್ಟು ಹೊತ್ತೂ ಒಬ್ಬರು ಅದನ್ನೇ ನೋಡುತ್ತಿರಬೇಕು. ರಕ್ತಹೀನತೆ ನಮ್ಮ ಹೆಣ್ಣುಮಕ್ಕಳಲ್ಲಿ ಸಾಮಾನ್ಯವಾದುದರಿಂದ ಹಿಮೋಗ್ಲೋಬಿನ್ ಪರೀಕ್ಷೆ ಮಾಡಿಸಿಕೊಳ್ಳುವುದು ಲೇಸು. ಬೇಗ ದಣಿಯುವ ಹುಡುಗಿಗೆ ಹೆಚ್ಚು ಅಭ್ಯಾಸಕ್ಕಿಂತ ಕಬ್ಬಿಣಾಂಶವೇ ಬೇಕಾಗಿರಬಹುದು.

ಹೆಣ್ಣುಮಗು ದೊಡ್ಡವಳಾದಳೆಂದು ಈಜನ್ನು ಬಿಡಿಸುವ ಮನೆಗಳಿವೆ. ಇದಕ್ಕೆ ಆರೋಗ್ಯದ ಕಾರಣವಾವುದೂ ಇಲ್ಲ. ಭುಜದಿಂದ ಮೊಣಕಾಲಿನವರೆಗೆ ಮೈ ಮುಚ್ಚುವ ಉಡುಪಿಗೆ ಸ್ಪರ್ಧೆಯ ನಿಯಮದಲ್ಲಿಯೇ ಅವಕಾಶವಿದೆ. ಮುಟ್ಟಿನ ದಿನಗಳಲ್ಲಿ ಈಜಬೇಕೆ ಬೇಡವೆ ಎಂಬುದನ್ನು ಅವಳ ಅನುಕೂಲಕ್ಕೆ ಬಿಡಬೇಕು.

ಕೊಳವನ್ನೂ ಗುರುವನ್ನೂ ಪರೀಕ್ಷಿಸಿ

ಸೇರಿಸುವ ದಿನ ಪೋಷಕರು ಕೊಳದ ಬಳಿ ಒಂದು ಗಂಟೆ ನಿಂತು ನೋಡಬೇಕು. ನೀರಿನ ತಳ ಸ್ಪಷ್ಟವಾಗಿ ಕಾಣುತ್ತದೆಯೇ? ತಳ ಕಾಣದ ಕೊಳದಲ್ಲಿ ಮುಳುಗಿದ ಮಗುವೂ ಕಾಣುವುದಿಲ್ಲ. ತರಬೇತುದಾರರಲ್ಲದೆ ಜೀವರಕ್ಷಕರು ಬೇರೆ ಇದ್ದಾರೆಯೇ? ಒಬ್ಬರೇ ಎರಡೂ ಕೆಲಸ ಮಾಡಲಾಗದು. ಆಳವನ್ನು ಸೂಚಿಸುವ ಗುರುತುಗಳಿವೆಯೇ? ಕ್ಲೋರಿನ್ ಪ್ರಮಾಣವನ್ನು ದಿನವೂ ಅಳೆದು ಬರೆದಿಡುತ್ತಾರೆಯೇ? ಬಟ್ಟೆ ಬದಲಿಸಲು ಹೆಣ್ಣುಮಕ್ಕಳಿಗೆ ಪ್ರತ್ಯೇಕ, ಸುರಕ್ಷಿತ ಕೋಣೆಯಿದೆಯೇ? ಪೋಷಕರು ಕುಳಿತು ನೋಡಲು ಅವಕಾಶವಿದೆಯೇ? ಇವಕ್ಕೆ ನೇರವಾದ ಉತ್ತರ ದೊರೆಯದಿದ್ದರೆ ಬೇರೆಡೆಗೆ ಹೋಗುವುದೇ ಒಳಿತು.

ಕಣ್ಣುರಿಗೆ ಕ್ಲೋರಿನ್ ಒಂದನ್ನೇ ದೂರುವುದು ಸರಿಯಲ್ಲ. ಮೈಯ ಬೆವರು, ಮೂತ್ರಗಳು ಕ್ಲೋರಿನ್ನಿನೊಡನೆ ಬೆರೆತು ಉಂಟಾಗುವ ವಸ್ತುಗಳೇ ಕಣ್ಣನ್ನೂ ಮೂಗನ್ನೂ ಹೆಚ್ಚು ಉರಿಸುತ್ತವೆ. ಆದ್ದರಿಂದ ಕೊಳಕ್ಕಿಳಿಯುವ ಮೊದಲು ಸ್ನಾನ ಕಡ್ಡಾಯವಾಗಲಿ. ಹೊರಬಂದ ಮೇಲೆ ಮತ್ತೊಮ್ಮೆ ಸ್ನಾನ ಮಾಡಿಸಿ, ತಲೆಯನ್ನು ಅತ್ತಿತ್ತ ಬಾಗಿಸಿ ಕಿವಿಯ ನೀರನ್ನು ಹರಿಯಬಿಟ್ಟು ಒರೆಸಬೇಕು. ಕಿವಿಗೆ ಕಡ್ಡಿ ಹಾಕಬಾರದು.

ಊಟ, ನಿದ್ರೆ, ದಾರಿ

ಈಜುವ ಮಗುವಿಗೆ ಡಬ್ಬಿಗಳಲ್ಲಿ ಮಾರುವ ಪುಡಿಗಳು ಬೇಕಿಲ್ಲ. ರಾಗಿ ಅಂಬಲಿ, ಜೋಳದ ರೊಟ್ಟಿ, ಮೊಳಕೆ ಕಾಳು, ಬೇಳೆ, ಹಾಲು, ಮೊಸರು, ಶೇಂಗಾ, ಬಾಳೆಹಣ್ಣು, ಸೊಪ್ಪು ಸಾಕು. ಅಭ್ಯಾಸಕ್ಕೆ ಒಂದು ಗಂಟೆ ಮೊದಲು ಹಗುರವಾದ ತಿಂಡಿ, ಮುಗಿದೊಡನೆ ಹೊಟ್ಟೆ ತುಂಬುವ ಊಟ ಕೊಡಬೇಕು. ನೀರಿನಲ್ಲಿರುವಾಗ ಬೆವರುವುದು ತಿಳಿಯದು. ಆದ್ದರಿಂದ ಕುಡಿಯುವ ನೀರಿನ ಬಾಟಲಿ ಕೊಳದ ಅಂಚಿನಲ್ಲಿರಲಿ.

ಹನ್ನೆರಡು ವರ್ಷದೊಳಗಿನ ಮಗುವಿಗೆ ಕನಿಷ್ಠ 9 ಗಂಟೆ, ಹದಿಹರೆಯದವರಿಗೆ ಕನಿಷ್ಠ 8 ಗಂಟೆ ನಿದ್ರೆ ಬೇಕು. ನಮ್ಮ ನಾಲ್ಕು ತಾಲ್ಲೂಕುಗಳವರಿಗೆ ಇರುವ ನಿಜವಾದ ತೊಡಕು ಇದೇ. ನಿಯಮಿತ ತರಬೇತಿಗೆ ಬಹುಪಾಲು ಮಕ್ಕಳು ದಾವಣಗೆರೆಗೆ, ನ್ಯಾಮತಿಯವರಾದರೆ ಶಿವಮೊಗ್ಗಕ್ಕೆ ಹೋಗಬೇಕಾಗುತ್ತದೆ. ನಸುಕಿನಲ್ಲಿ ಎದ್ದು ಬಸ್ಸು ಹಿಡಿದು, ಈಜಿ, ಮರಳಿ ಶಾಲೆ ಸೇರಿದ ಮಗು ತರಗತಿಯಲ್ಲಿ ತೂಕಡಿಸಿದರೆ ಲಾಭಕ್ಕಿಂತ ನಷ್ಟವೇ ಹೆಚ್ಚು. ಶಾಲೆಯ ದಿನಗಳಲ್ಲಿ ಊರಿನಲ್ಲಿಯೇ ಓಟ, ಆಸನ, ಮೈ ಬಗ್ಗಿಸುವ ವ್ಯಾಯಾಮ. ವಾರಾಂತ್ಯ ಮತ್ತು ರಜೆಗಳಲ್ಲಿ ಕೊಳ ಎಂಬ ಕ್ರಮದಿಂದ ಆರಂಭಿಸುವುದು ವಿವೇಕ. ಒಂದೆರಡು ವರ್ಷಗಳ ಅನಂತರವೂ ಮಗುವೇ "ನನಗೆ ಇನ್ನಷ್ಟು ಈಜಬೇಕು" ಎಂದರೆ ಕ್ರೀಡಾ ವಸತಿನಿಲಯದ, ನಗರವಾಸದ ಮಾತನ್ನು ಯೋಚಿಸಬಹುದು. ಆ ಮಾತು ಮಗುವಿನ ಬಾಯಿಂದ ಬರಬೇಕು, ತಂದೆಯ ಬಾಯಿಂದಲ್ಲ.

ತಂಡ ದೊರೆಯದ ಮಕ್ಕಳಿಗೆ

ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ 2021ರಲ್ಲಿ ಜಗತ್ತಿನಾದ್ಯಂತ ಸುಮಾರು 3 ಲಕ್ಷ ಜನ ನೀರಿನಲ್ಲಿ ಮುಳುಗಿ ಸತ್ತರು. 5ರಿಂದ 14 ವರ್ಷದ ಮಕ್ಕಳ ಸಾವಿನ ಕಾರಣಗಳಲ್ಲಿ ಇದಕ್ಕೆ ಮೂರನೆಯ ಸ್ಥಾನ. ಶಾಲಾ ವಯಸ್ಸಿನ ಮಕ್ಕಳಿಗೆ ಪ್ರಾಥಮಿಕ ಈಜು ಮತ್ತು ನೀರಿನ ಸುರಕ್ಷತೆಯನ್ನು ಕಲಿಸಬೇಕೆಂಬುದು ಆ ಸಂಸ್ಥೆಯ ಮುಖ್ಯ ಸಲಹೆಗಳಲ್ಲೊಂದು. ಬಾಂಗ್ಲಾದೇಶದಲ್ಲಿ ಇದಕ್ಕಾಗಿ ದೊಡ್ಡ ಕೊಳಗಳನ್ನು ಕಾಯಲಿಲ್ಲ. ಹಳ್ಳಿಯ ಕೊಳದಲ್ಲಿಯೇ ಬಿದಿರಿನ ಅಟ್ಟಣೆ ಕಟ್ಟಿ, ಸುತ್ತಲೂ ಬೇಲಿ ಹಾಕಿ, ತರಬೇತಿ ಪಡೆದವರ ಕಣ್ಣೆದುರಿನಲ್ಲಿ ಮಕ್ಕಳಿಗೆ ಕಲಿಸಿದರು. ಅಲ್ಲಿಯ ಗುರಿ ಚಿಕ್ಕದು: 25 ಮೀಟರ್ ಈಜುವುದು, 30 ಸೆಕೆಂಡು ತೇಲುವುದು, ಮುಳುಗುವವನನ್ನು ದಡದಿಂದಲೇ ರಕ್ಷಿಸುವುದು. ಶಾಲೆಗಳೂ ಗ್ರಾಮ ಪಂಚಾಯಿತಿಗಳೂ ಮನಸ್ಸು ಮಾಡಿದರೆ ನಮ್ಮಲ್ಲಿಯೂ ಇದು ಅಸಾಧ್ಯವಲ್ಲ.

ನೀರು ಪದಕವನ್ನು ನೋಡದು

ಕೊಳದ ನೀರು ನಿಂತಿರುತ್ತದೆ, ತಿಳಿಯಾಗಿರುತ್ತದೆ, ಹಿಡಿಯಲು ಅಂಚಿರುತ್ತದೆ. ನಾಲೆಯಲ್ಲಿ ಸೆಳವಿದೆ, ಸಿಮೆಂಟಿನ ಇಳಿಜಾರಿನಲ್ಲಿ ಪಾಚಿಯಿದೆ. ಹೊಳೆಯಲ್ಲಿ ಮರಳು ತೆಗೆದ ಗುಂಡಿಗಳಿವೆ. ಕೆರೆಯಲ್ಲಿ ಹೂಳು, ಜೊಂಡು ಇವೆ. ಪ್ಲಾಸ್ಟಿಕ್ ಹಾಳೆ ಹಾಸಿದ ಕೃಷಿ ಹೊಂಡದಿಂದ ನುರಿತ ಈಜುಗಾರನೂ ಜಾರಿ ಜಾರಿ ಸೋಲುತ್ತಾನೆ. ಅಂಥ ಹೊಂಡಕ್ಕೆ ಬೇಲಿಯೂ ಒಳಗಿಳಿಬಿಟ್ಟ ಗಂಟುಹಗ್ಗವೂ ಇರಲೇಬೇಕು. ಉಸಿರು ಬಿಗಿಹಿಡಿದು ನೀರಿನೊಳಗೆ ಯಾರು ಹೆಚ್ಚು ಹೊತ್ತು ಇರುವರೆಂಬ ಪಂದ್ಯವನ್ನು ತಂಡದ ಮಕ್ಕಳೂ ಆಡಬಾರದು. ಬೇಗಬೇಗನೆ ಉಸಿರಾಡಿ ಮುಳುಗಿದರೆ, ಉಸಿರು ಬೇಕೆಂಬ ಎಚ್ಚರಿಕೆ ದೇಹಕ್ಕೆ ತಲುಪುವ ಮೊದಲೇ ಪ್ರಜ್ಞೆ ತಪ್ಪುತ್ತದೆ.

ಯಾರಾದರೂ ಮುಳುಗುತ್ತಿದ್ದರೆ ಧುಮುಕಬೇಡಿರಿ; ಕೂಗಿರಿ, ಕೋಲು ಚಾಚಿರಿ, ಹಗ್ಗ, ಪಂಚೆ, ಖಾಲಿ ಕೊಡ ಎಸೆಯಿರಿ. ಮೇಲೆತ್ತಿದ ಮಗುವನ್ನು ತಲೆಕೆಳಗಾಗಿ ತಿರುಗಿಸುವುದು, ಹೊಟ್ಟೆ ಒತ್ತುವುದು ತಪ್ಪು. ಉಸಿರಿಲ್ಲದಿದ್ದರೆ ಕೂಡಲೆ ಬಾಯಿಯಿಂದ ಉಸಿರು ಕೊಟ್ಟು ಎದೆಯನ್ನು ಒತ್ತಲು ಆರಂಭಿಸಿ, 108ಕ್ಕೆ ಕರೆ ಮಾಡಿಸಬೇಕು. ಈ ಪಾಠವನ್ನು ಕಲಿಸದ ಈಜು ತಂಡದ ತರಬೇತಿ ಅಪೂರ್ಣ.

ತಂಡ ಸೇರಿದ ನೂರು ಮಕ್ಕಳಲ್ಲಿ ರಾಜ್ಯಮಟ್ಟಕ್ಕೆ ಏರುವವರು ವಿರಳ. ಉಳಿದವರ ಶ್ರಮ ವ್ಯರ್ಥವಲ್ಲ. ಶಿಸ್ತು, ಗಟ್ಟಿಯಾದ ಎದೆ, ಸೋಲನ್ನು ಸಹಿಸುವ ಗುಣ ಅವರೊಡನೆ ಉಳಿಯುತ್ತವೆ. ಸಂಜೆ ಕೊಳದಿಂದ ಮರಳಿದ ಮಗುವನ್ನು "ಎಷ್ಟನೆಯವನಾಗಿ ಬಂದೆ?" ಎಂದು ಕೇಳುವ ಬದಲು "ಇಂದು ಏನು ಕಲಿತೆ?" ಎಂದು ಕೇಳೋಣ.