ವಿಭವವನ್ನು ಕುರಿತು ಒಂದು ಪತ್ರ

ಗೋವಿಂದನಹಳ್ಳಿ,
ಕೃಷ್ಣರಾಜಪೇಟೆ ತಾಲ್ಲೂಕು

ಚಿರಂಜೀವಿಗೆ,

ವಿದ್ಯುನ್ಮಂಡಲದ ಸೂತ್ರಗಳು ಬಾಯಿಗೆ ಬಂದಿವೆ, ಲೆಕ್ಕಗಳೂ ಬಹುಮಟ್ಟಿಗೆ ಸರಿಹೋಗುತ್ತಿವೆ, ಆದರೆ ವಿಭವವೆಂಬುದು ಏನೆಂದು ಮಾತ್ರ ಮನಸ್ಸಿಗೆ ಹತ್ತುತ್ತಿಲ್ಲವೆಂದು ಬರೆದಿದ್ದೀಯೆ. ಲೆಕ್ಕ ಸರಿಬಂದ ಮೇಲೂ ತೃಪ್ತಿಪಡದ ಈ ಸ್ವಭಾವ ನನಗೆ ಮೆಚ್ಚುಗೆಯಾಯಿತು. ಪರೀಕ್ಷೆಗೆ ಅದರಿಂದ ಉಪಯೋಗವಿಲ್ಲದಿರಬಹುದು, ಭೌತಶಾಸ್ತ್ರಕ್ಕೆ ಉಂಟು.

ಒಂದು ಕೂಲಮ್ ವಿದ್ಯುದಂಶವನ್ನು ಒಂದು ಬಿಂದುವಿನಿಂದ ಮತ್ತೊಂದಕ್ಕೆ ಒಯ್ಯಲು ಒಂದು ಜೂಲ್ ಕೆಲಸ ಬೇಕಾದರೆ ಅವೆರಡರ ವಿಭವಾಂತರ ಒಂದು ವೋಲ್ಟ್ ಎಂಬ ವ್ಯಾಖ್ಯೆಯನ್ನು ನೀನು ಬಲ್ಲೆ. ಈ ವಾಕ್ಯದಲ್ಲಿ ಬಿಂದುಗಳು ಎರಡಿವೆಯೆಂಬುದರ ಕಡೆಗೆ ನಿನ್ನ ಗಮನ ಹರಿಯಬೇಕು. ನೀರಿನ ಮಟ್ಟವನ್ನೇ ಉಪಮಾನವಾಗಿ ತೆಗೆದುಕೊ: ಮುಂಗಾರು ಬಂತೆಂದರೆ ನಮ್ಮ ಕಡೆಯವರು ಪತ್ರಿಕೆಯಲ್ಲಿ ಮೊದಲು ಓದುವುದು ಜಲಾಶಯಗಳ ಮಟ್ಟವನ್ನಷ್ಟೆ. ಕನ್ನಂಬಾಡಿಯ ಪೂರ್ಣಮಟ್ಟ 124.80 ಅಡಿ, ಗೊರೂರಿನ ಹೇಮಾವತಿಯದು 2,922 ಅಡಿ. ಹಾಗೆಂದು ಹೇಮಾವತಿಯ ಅಣೆಕಟ್ಟು ಕನ್ನಂಬಾಡಿಗಿಂತ ಇಪ್ಪತ್ತಕ್ಕೂ ಹೆಚ್ಚು ಪಟ್ಟು ಆಳವೆಂದು ಯಾವ ರೈತನೂ ಭ್ರಮಿಸುವುದಿಲ್ಲ; ಒಂದನ್ನು ಅಲ್ಲಿಯದೇ ತಳಮಟ್ಟದಿಂದಲೂ ಇನ್ನೊಂದನ್ನು ಸಮುದ್ರಮಟ್ಟದಿಂದಲೂ ಎಣಿಸಿದ್ದಾರೆ. ಸೊನ್ನೆಯನ್ನು ಎಲ್ಲಿಟ್ಟರೂ ಆದೀತು, ಆದರೆ ಹೋಲಿಸುವ ಎರಡು ಮಟ್ಟಗಳಿಗೂ ಅದೇ ಸೊನ್ನೆಯಾಗಿರಬೇಕು. ಹೇಮಾವತಿಯ ನೀರು ಹರಿದು ಕನ್ನಂಬಾಡಿಯ ಹಿನ್ನೀರನ್ನು ಸೇರುವುದು ಮಟ್ಟಗಳ ಅಂತರದಿಂದ. ಯಾರು ಎಲ್ಲಿಂದ ಅಳೆದರೆಂಬುದು ನದಿಗೆ ತಿಳಿಯದು. ಉಪಮಾನ ಇಲ್ಲಿಗೆ ಸಾಕು. ಕಾಲುವೆ ಒಡೆದರೆ ನೀರು ಗದ್ದೆಗೆ ಚೆಲ್ಲುತ್ತದೆ, ತಂತಿ ಕತ್ತರಿಸಿದರೆ ಏನೂ ಚೆಲ್ಲುವುದಿಲ್ಲ.

ಈಗ ಟಾರ್ಚಿನ ಮೂರು ಸೆಲ್ಲುಗಳನ್ನು ಸಾಲಾಗಿ ಜೋಡಿಸು. ಹೊಸವಾದರೆ ಒಟ್ಟು 4.5 ವೋಲ್ಟ್ ಎನ್ನೋಣ. ಧನಾಗ್ರದಿಂದ ತಂತಿ, ಬಳಿಕ 10 ಓಮಿನ ರೋಧಕ, ಅದರ ಮುಂದೆ 20 ಓಮಿನದು, ಅನಂತರ ಮುಚ್ಚಿದ ಸ್ವಿಚ್ಚು, ಅಲ್ಲಿಂದ ಋಣಾಗ್ರ. ಒಟ್ಟು ರೋಧ 30 ಓಮ್, ಪ್ರವಾಹ 0.15 ಆಂಪಿಯರ್, ಮತ್ತು ಮಂಡಲದುದ್ದಕ್ಕೂ ಅಷ್ಟೇ. ರೋಧಕವು ಪ್ರವಾಹವನ್ನು ತಿಂದುಹಾಕುತ್ತದೆಂಬ ಕಲ್ಪನೆಯನ್ನು ಇಂದೇ ಬಿಟ್ಟುಬಿಡು. ವೋಲ್ಟ್‌ಮೀಟರಿನ ಕಪ್ಪು ಕಡ್ಡಿಯನ್ನು ಋಣಾಗ್ರದಲ್ಲಿ ನಿಲ್ಲಿಸಿ ಕೆಂಪು ಕಡ್ಡಿಯನ್ನು ಧನಾಗ್ರದಿಂದ ಸರಿಸುತ್ತ ಬಂದರೆ, ತಂತಿಯ ಮೇಲೆಲ್ಲ 4.5, ಮೊದಲ ರೋಧಕ ದಾಟಿದೊಡನೆ 3.0, ಎರಡನೆಯದನ್ನು ದಾಟಿದೊಡನೆ ಸೊನ್ನೆ. ಆಮೇಲೆ ಕಪ್ಪು ಕಡ್ಡಿಯನ್ನು ಎರಡು ರೋಧಕಗಳ ನಡುವೆ ಇಡು: ಧನಾಗ್ರದಲ್ಲಿ 1.5, ಋಣಾಗ್ರದಲ್ಲಿ ಮೈನಸ್ 3.0 ಎಂದು ಮೀಟರು ತೋರಿಸುತ್ತದೆ, ಮಂಡಲದಲ್ಲಿ ಮಾತ್ರ ಏನೊಂದೂ ಬದಲಾಗಿರುವುದಿಲ್ಲ. ಚಿತ್ರ ಬರೆಯುವಾಗ, ಯಾವ ರೋಧಕವೂ ಸೆಲ್ಲೂ ಅಡ್ಡ ಬರದಂತೆ ಒಂದಕ್ಕೊಂದು ಸೇರಿದ ತಂತಿಯಷ್ಟಕ್ಕೂ ಒಂದೇ ಬಣ್ಣ ಹಚ್ಚುವ ಅಭ್ಯಾಸ ಮಾಡಿಕೊ. ಅದೆಲ್ಲ ಒಂದೇ ವಿಭವ. ಎಂಥ ಸಿಕ್ಕುಸಿಕ್ಕಾದ ಚಿತ್ರವೂ ಇದರಿಂದ ಬಿಡಿಸಿಕೊಳ್ಳುತ್ತದೆ.

ಇನ್ನು ಸ್ವಿಚ್ಚನ್ನು ತೆರೆ. ಪ್ರವಾಹ ನಿಂತಿತು, ಆದುದರಿಂದ ರೋಧಕಗಳಲ್ಲಿ ವಿಭವ ಇಳಿಯುವುದೂ ನಿಂತಿತು. ಕೆಂಪು ಕಡ್ಡಿ ಸ್ವಿಚ್ಚಿನ ಹತ್ತಿರದ ತುದಿಯವರೆಗೂ 4.5ನ್ನೇ ತೋರಿಸುತ್ತದೆ, ಪೂರ್ಣ ವಿಭವಾಂತರ ಆ ತೆರೆದ ಸ್ವಿಚ್ಚಿನ ಎರಡು ತುದಿಗಳ ನಡುವೆ ಬಂದು ಕುಳಿತಿರುತ್ತದೆ. ‘ಕರೆಂಟ್ ಇಲ್ಲ, ಆದ್ದರಿಂದ ವೋಲ್ಟೇಜೂ ಇಲ್ಲ’ ಎನ್ನುವವರು ಎಡವುವುದು ಇಲ್ಲಿಯೇ, ಮತ್ತು ಇದು ಪ್ರಾಣದ ವಿಷಯವೂ ಹೌದು: ಸ್ವಿಚ್ಚನ್ನು ಫೇಸಿಗೆ ಕೊಡದೆ ನ್ಯೂಟ್ರಲ್ಲಿಗೆ ಕೊಟ್ಟಿರುವ ಮನೆಯಲ್ಲಿ, ದೀಪ ಆರಿದ್ದರೂ ಹೋಲ್ಡರಿನಲ್ಲಿ ನೆಲಕ್ಕೆ ಹೋಲಿಸಿದರೆ 230 ವೋಲ್ಟ್ ಹಾಗೆಯೇ ಇರುತ್ತದೆ. ಕೈ ಹಾಕಬೇಡ.

ಗೋವಿಂದನಹಳ್ಳಿಗೆ ಬಂದವರು ಪಂಚಲಿಂಗೇಶ್ವರನ ಹೊಯ್ಸಳ ಗುಡಿಯನ್ನು ನೋಡಿ ಹೊರಡುತ್ತಾರೆ. ನೀನು ಬಂದಾಗ ನಾನು ಊರಿನ ಟಿಸಿಯನ್ನೂ, ಅಂದರೆ ಟ್ರಾನ್ಸ್‌ಫಾರ್ಮರನ್ನೂ, ತೋರಿಸುತ್ತೇನೆ. ಪಂಪ್‌ಸೆಟ್ಟುಗಳು ಓಡುವಾಗ ಅಲ್ಲಿಂದ ಹೊರಟ ಲೈನಿನ ಕೊನೆಯ ಮನೆಗಳ ದೀಪ ಏಕೆ ಮಂಕಾಗುತ್ತದೆ? ತಂತಿಗೆ ರೋಧವಿಲ್ಲವೆಂದು ಪಾಠದಲ್ಲಿ ಹೇಳುವುದು ಸೌಕರ್ಯಕ್ಕಾಗಿ. ಹೋಗುವ ಬರುವ ತಂತಿಗಳ ಒಟ್ಟು ರೋಧ ಒಂದು ಓಮ್ ಇದ್ದು 20 ಆಂಪಿಯರ್ ಹರಿದರೆ 20 ವೋಲ್ಟ್ ದಾರಿಯಲ್ಲಿಯೇ ಇಳಿದು, ಮನೆಗೆ 210 ಮಾತ್ರ ತಲಪುತ್ತದೆ. ಪಂಪು ನಿಂತಿತೆಂದರೆ ದೀಪ ಮತ್ತೆ ಬೆಳ್ಳಗಾಗುತ್ತದೆ. ನಮ್ಮ ಜಿಲ್ಲೆಯ ಶಿವನಸಮುದ್ರದಿಂದ 1902ರಲ್ಲಿ ಕೋಲಾರದ ಚಿನ್ನದ ಗಣಿಗಳಿಗೆ, ಸುಮಾರು 147 ಕಿಲೋಮೀಟರ್ ದೂರ, ವಿದ್ಯುತ್ತನ್ನು ಒಯ್ದವರು ವೋಲ್ಟೇಜನ್ನು ಬಹಳವಾಗಿ ಏರಿಸಿ ಕಳಿಸಿದ್ದೂ ಇದೇ ಲೆಕ್ಕದಿಂದ: ಅಷ್ಟೇ ಶಕ್ತಿಗೆ ಪ್ರವಾಹ ಕಡಿಮೆಯಾದರೆ, ತಂತಿಯಲ್ಲಿ ಇಳಿಯುವ ವಿಭವವೂ ಕಡಿಮೆ.

ಒಂದು ಪ್ರಶ್ನೆ ಕೊಡುತ್ತೇನೆ. ಅದೇ ಸ್ವಿಚ್ಚನ್ನು ಎರಡು ರೋಧಕಗಳ ನಡುವೆ ಇಟ್ಟು ತೆರೆದು, ಕಪ್ಪು ಕಡ್ಡಿಯನ್ನು ಋಣಾಗ್ರದಲ್ಲಿಯೇ ಬಿಟ್ಟರೆ, 20 ಓಮಿನ ರೋಧಕದ ಎರಡು ತುದಿಗಳಲ್ಲಿಯೂ ಕೆಂಪು ಕಡ್ಡಿ ಏನು ತೋರಿಸುತ್ತದೆ? ಮೊದಲು ಊಹಿಸಿ ಬರೆದಿಡು, ಆಮೇಲೆ ಅಳೆ, ಎರಡನ್ನೂ ನನಗೆ ಕಳಿಸು.

ಇತಿ ಆಶೀರ್ವಾದಗಳು,
ನಿನ್ನ ದೊಡ್ಡಪ್ಪ