ಬಾಯಿಯ ಬಾಗಿಲಿಗೆ ಕಾವಲು

ಓದತಕ್ಕ ಭಾಗಗಳು: ವಿಮೋಚನಕಾಂಡ 23:1-2, ಕೀರ್ತನೆ 141:3, ಅಪೊಸ್ತಲರ ಕೃತ್ಯಗಳು 19:23-41.

ಮೋಶೆಯ ಧರ್ಮಶಾಸ್ತ್ರದಲ್ಲಿ ಎರಡು ಆಜ್ಞೆಗಳು ಒಂದರ ಪಕ್ಕದಲ್ಲೊಂದು ಇರುತ್ತವೆ. ಸುಳ್ಳು ಸುದ್ದಿಯನ್ನು ಹರಡಬಾರದೆಂಬದು ಮೊದಲನೆಯದು. ಕೆಡುಕಿಗೆ ಹೊರಟ ಗುಂಪಿನೊಡನೆ ಸೇರಬಾರದೆಂಬದು ಎರಡನೆಯದು. ಸುದ್ದಿಯು ಮುಂದೆ ಹೋಗುತ್ತದೆ, ಗುಂಪು ಅದರ ಹಿಂದೆ ಬರುತ್ತದೆ.

2018ನೆಯ ಇಸವಿ ಜುಲೈ 13ರಂದು ಹೈದರಾಬಾದಿನಿಂದ ಬೀದರ್ ಜಿಲ್ಲೆಗೆ ಬಂದಿದ್ದ ಕೆಲವರು ಶಾಲೆಯ ಮಕ್ಕಳಿಗೆ ಚಾಕೊಲೇಟು ಕೊಟ್ಟರು. ಅವರು ಮಕ್ಕಳ ಕಳ್ಳರೆಂಬ ಸುದ್ದಿಯು ವಾಟ್ಸಾಪಿನ ಮೂಲಕ ಮುರ್ಕಿ ಗ್ರಾಮಕ್ಕೆ ಮುಟ್ಟಿತು. ಕಾರು ಅಲ್ಲಿಗೆ ಬರುವಷ್ಟರಲ್ಲಿ ಜನರು ದಾರಿಗೆ ಅಡ್ಡಕಟ್ಟಿದ್ದರು. ಒಬ್ಬ ಯೌವನಸ್ಥನು ಹೊಡೆತದಿಂದ ಸತ್ತನು. ಅವರು ಯಾವ ಮಗುವನ್ನೂ ಕದ್ದಿರಲಿಲ್ಲ.

ನಮ್ಮ ಮೈಸೂರಿನಲ್ಲಿಯೂ 2025ನೆಯ ಇಸವಿ ಫೆಬ್ರವರಿ 10ರ ರಾತ್ರಿ ಉದಯಗಿರಿ ಪೊಲೀಸ್ ಠಾಣೆಯ ಮೇಲೆ ಕಲ್ಲುಗಳು ಬಿದ್ದವು. ಜಾಲತಾಣದಲ್ಲಿ ಹಾಕಿದ ಒಂದು ಚಿತ್ರದಿಂದ ತಮ್ಮ ಮತಕ್ಕೆ ಅವಮಾನವಾಯಿತೆಂದು ಜನರು ಕೂಡಿದ್ದರು. ಆರೋಪಿಯು ಆಗಲೇ ಪೊಲೀಸರ ವಶದಲ್ಲಿದ್ದನು. ಆದರೂ ಗುಂಪು ತಾಳಲಿಲ್ಲ. ಇದು ಒಂದು ಮತದವರ ದೋಷವೆಂದು ನಾವು ಎಣಿಸಬಾರದು. ಎಫೆಸದಲ್ಲಿ ದೇಮೇತ್ರಿಯನು ಗದ್ದಲವೆಬ್ಬಿಸಿದಾಗಲೂ ಕೂಡಿದ ಜನರಲ್ಲಿ ಬಹುಮಂದಿಗೆ ತಾವು ಬಂದ ಕಾರಣವೇ ತಿಳಿದಿರಲಿಲ್ಲ. ದೂರಿದ್ದರೆ ನ್ಯಾಯಸ್ಥಾನಕ್ಕೆ ಹೋಗಬೇಕೆಂದು ಪಟ್ಟಣದ ಅಧಿಕಾರಿಯು ಅವರಿಗೆ ಬುದ್ಧಿಹೇಳಿ ಕಳುಹಿಸಿದನು.

ಹಾಗಾದರೆ ನಮಗೆ ಹಿತವಲ್ಲದ ಮಾತುಗಳನ್ನೆಲ್ಲಾ ಸರಕಾರವು ತಡೆಯಬೇಕೋ? ಹಾಗಲ್ಲ. ನಮ್ಮ ಸಂವಿಧಾನದ 19ನೆಯ ವಿಧಿಯು ಮಾತಿನ ಸ್ವಾತಂತ್ರ್ಯವನ್ನು ಕೊಟ್ಟು, ಅಪರಾಧಕ್ಕೆ ಪ್ರೇರಿಸುವ ಮಾತಿಗೆ ಕಟ್ಟು ಹಾಕಲು ಅವಕಾಶಕೊಡುತ್ತದೆ. ಚರ್ಚಿಸುವದು ಬೇರೆ, ಒಂದು ಪಕ್ಷವನ್ನು ವಾದಿಸುವದು ಬೇರೆ, ಕೆರಳಿಸುವದು ಬೇರೆ ಎಂದು ಸುಪ್ರೀಂ ಕೋರ್ಟು 2015ನೆಯ ಇಸವಿ ಮಾರ್ಚ್ 24ರಂದು ತೀರ್ಪುಕೊಟ್ಟಿತು. ನೆರೆಯವನು ನಮ್ಮ ನಂಬಿಕೆಯನ್ನು ಖಂಡಿಸಿದರೆ ನಮಗೆ ನೋವಾದೀತು. ಆದರೂ ಸುವಾರ್ತೆ ಹೇಳಲು ನಮಗಿರುವ ಸ್ವಾತಂತ್ರ್ಯವು ಅವನಿಗೂ ಉಂಟು. ಹೊಡೆಯಿರಿ, ಸುಡಿರಿ ಎಂದು ಜನರನ್ನೆಬ್ಬಿಸುವ ಅಧಿಕಾರವು ಅವನಿಗೂ ಇಲ್ಲ, ನಮಗೂ ಇಲ್ಲ.

ಫೇಸ್‌ಬುಕ್ಕಿನಲ್ಲಿ ಎಲ್ಲರೂ ನೋಡುವಂತೆ ಹಾಕಿದ ಕೆಟ್ಟ ಬರಹವನ್ನು ಕಂಪೆನಿಯವರು ತೆಗೆದುಹಾಕಬಲ್ಲರು. ವಾಟ್ಸಾಪಿನ ಸಂದೇಶವಾದರೋ ಗುಪ್ತಲಿಪಿಯಲ್ಲಿ ಹೋಗುವದರಿಂದ ದಾರಿಯಲ್ಲಿ ಅದನ್ನು ಓದುವವರಿಲ್ಲ. 2018ರಲ್ಲಿ ಆ ಕಂಪೆನಿಯು ಒಂದೇ ಸಾರಿ ಐದಕ್ಕಿಂತ ಹೆಚ್ಚು ಕಡೆಗೆ ಸಂದೇಶ ದಾಟಿಸದಂತೆ ಮಿತಿಹಾಕಿತು. ಆದರೂ ಆ ಐದನ್ನು ಆರಿಸುವದು ನಮ್ಮ ಬೆರಳೇ. ನಂಜನಗೂಡಿನಲ್ಲಿ ಹರಿದ ಕಪಿಲೆಯ ನೀರು ತಿರುಮಕೂಡಲಿನಲ್ಲಿ ಕಾವೇರಿಗೆ ಸೇರಿದ ಮೇಲೆ ಅದನ್ನು ಯಾರು ಬೇರ್ಪಡಿಸುವರು? ಆದದರಿಂದ ಕಾವಲು ಮೊದಲೇ ಇರಬೇಕು. ದಾವೀದನು ತನ್ನ ತುಟಿಗಳಿಗೆ ಕಾವಲನ್ನು ಬೇಡಿದನು. ನಾವು ಬೆರಳಿಗೂ ಬೇಡತಕ್ಕದ್ದು.

ಎಲ್ಲಿಯೋ ಪ್ರಾರ್ಥನಾಮಂದಿರವನ್ನು ಒಡೆದರೆಂಬ ಚಿತ್ರವು ನಮ್ಮ ಕೈಗೆ ಬಂದೀತು. ಆಗಲೇ ನಮ್ಮ ಪರೀಕ್ಷೆ. ಅದು ಯಾವ ಊರಿನದು, ಯಾವ ವರ್ಷದ್ದು, ಮೊದಲು ಕಳುಹಿಸಿದವರು ಯಾರು ಎಂದು ವಿಚಾರಿಸಬೇಕು. ನಿಜವಾದರೆ ಪಾಳಕರಿಗೂ ಪೊಲೀಸರಿಗೂ ತಿಳಿಸಬೇಕು. ಅನ್ಯಾಯವನ್ನು ಮುಚ್ಚಿಡಬೇಕೆಂದು ನಾವು ಹೇಳುವದಿಲ್ಲ. ನಿಜವೋ ಸುಳ್ಳೋ ತಿಳಿಯದಿದ್ದರೆ ಅದು ನಮ್ಮಲ್ಲಿಯೇ ನಿಲ್ಲಲಿ. ಸಭೆಯ ವಾಟ್ಸಾಪ್ ಗುಂಪನ್ನು ನಡಿಸುವ ಹಿರಿಯರು ಇಂಥದನ್ನು ಅಳಿಸಿ, ಕಳುಹಿಸಿದವನಿಗೆ ಪ್ರೀತಿಯಿಂದ ಬುದ್ಧಿಹೇಳಲಿ.

ಸಭೆಯಲ್ಲಿ ಕೇಳತಕ್ಕ ಪ್ರಶ್ನೆಗಳು:

1. ನೋಯಿಸುವ ಮಾತಿಗೂ ಹೊಡೆಯಲು ಕೆರಳಿಸುವ ಮಾತಿಗೂ ಭೇದವೇನು?

2. ಪರರ ಸುದ್ದಿಯನ್ನು ದಾಟಿಸಿದವನು ನಿರ್ದೋಷಿಯೋ?

3. ಈ ವಾರ ನಮ್ಮ ಕೈಯಲ್ಲಿ ನಿಂತ ಸುದ್ದಿ ಯಾವದು, ದಾಟಿಹೋದದ್ದು ಯಾವದು?