ಸೌರಶಕ್ತಿಯೂ ಪಂಪುಸೆಟ್ಟಿನ ತಂತಿಯೂ

ಬಾವಿಯ ನೀರಿನಿಂದ ಬೇಸಾಯ ಮಾಡತಕ್ಕ ರೈತರು ಸೌರಫಲಕಗಳನ್ನು ಹಾಕಿಸಿ, ಅವುಗಳಿಂದ ಬರುವ ವಿದ್ಯುಚ್ಛಕ್ತಿಯನ್ನು ಸರಬರಾಜಿನ ತಂತಿಗೆ ಸೇರಿಸಲು 2019ರಲ್ಲಿ ಕೇಂದ್ರ ಸರ್ಕಾರವು ಆರಂಭಿಸಿದ ಪಿ.ಎಂ.-ಕುಸುಮ್ ಯೋಜನೆಯಲ್ಲಿ ಅವಕಾಶವುಂಟು. ಇದರಲ್ಲಿ ಶಕ್ತಿಯ ಪ್ರಮಾಣದಂತೆಯೇ ಅದರ ಗುಣವೂ ಮುಖ್ಯವಾದುದು. ಗುಣವು ಕೆಟ್ಟಲ್ಲಿ ಮೋಟಾರುಗಳು ಸುಡುವುವು; ಫಲಕದ ಶಕ್ತಿಯೂ ವ್ಯರ್ಥವಾಗುವುದು. ಆದುದರಿಂದ ಈ ಕೆಳಗಿನ ಅಂಶಗಳನ್ನು ರೈತರು ಗಮನಿಸತಕ್ಕದ್ದು.

ವೋಲ್ಟೇಜಿನ ಏರಿಕೆ.— ಕಾಲುವೆಯ ಕೊನೆಯಲ್ಲಿ ಬಾವಿಯ ನೀರನ್ನೂ ಬಿಟ್ಟು, ಯಾರೂ ಅದನ್ನು ಗದ್ದೆಗೆ ಹಾಯಿಸದಿದ್ದರೆ ನೀರಿನ ಮಟ್ಟವು ಏರುವುದಷ್ಟೆ. ಅದರಂತೆಯೇ ನಡುಹಗಲಿನಲ್ಲಿ ಪಂಪುಗಳು ನಿಂತಿರುವಾಗ ಫಲಕಗಳು ತುಂಬ ಶಕ್ತಿಯನ್ನು ಬಿಟ್ಟರೆ, ಉದ್ದವಾದ ತಂತಿಯ ಕೊನೆಯಲ್ಲಿ ವೋಲ್ಟೇಜು ಏರುವುದು. 230 ವೋಲ್ಟು ಇರತಕ್ಕಲ್ಲಿ 253ನ್ನು ಮೀರಿದರೆ ಇನ್ವರ್ಟರು ತಾನಾಗಿಯೇ ನಿಲ್ಲುವುದು. ಬಿಸಿಲು ಚೆನ್ನಾಗಿರುವ ವೇಳೆಯಲ್ಲಿಯೇ ಆದಾಯವು ತಪ್ಪುವುದು. ತಂತಿ ತೆಳ್ಳಗಿದ್ದಷ್ಟೂ, ಟ್ರಾನ್ಸ್‌ಫಾರ್ಮರು ದೂರವಿದ್ದಷ್ಟೂ ಈ ತೊಂದರೆ ಹೆಚ್ಚು.

ಪವರ್ ಫ್ಯಾಕ್ಟರ್.— ಮೋಟಾರಿಗೆ ಕೆಲಸ ಮಾಡುವ ಶಕ್ತಿಯಲ್ಲದೆ, ಅದರೊಳಗಿನ ಅಯಸ್ಕಾಂತತ್ವಕ್ಕಾಗಿ ರಿಯಾಕ್ಟಿವ್ ಶಕ್ತಿಯೂ ಬೇಕು. ಸುಮಾರು 4.5 ಕಿಲೋವ್ಯಾಟನ್ನು 0.8 ಪವರ್ ಫ್ಯಾಕ್ಟರಿನಲ್ಲಿ ಎಳೆಯುವ 5 ಕುದುರೆಶಕ್ತಿಯ ಮೋಟಾರಿಗೆ 3.4 ಕಿಲೋವಾರ್ ರಿಯಾಕ್ಟಿವ್ ಶಕ್ತಿ ಬೇಕಾಗುವುದು. ಫಲಕಗಳು 4 ಕಿಲೋವ್ಯಾಟನ್ನು ಕೊಟ್ಟರೆ, ತಂತಿಯಿಂದ ಬರತಕ್ಕದ್ದು ಅರ್ಧ ಕಿಲೋವ್ಯಾಟು ಮಾತ್ರ. ಆದರೆ ಇನ್ವರ್ಟರು ರಿಯಾಕ್ಟಿವ್ ಶಕ್ತಿಯನ್ನು ಕೊಡದಿದ್ದಲ್ಲಿ ಆ 3.4 ಕಿಲೋವಾರ್ ಹಾಗೆಯೇ ಉಳಿಯುವುದು. ತಂತಿಯ ಕಡೆಯ ಪವರ್ ಫ್ಯಾಕ್ಟರ್ 0.15ಕ್ಕೆ ಇಳಿಯುವುದು. ಕೆಲಸಕ್ಕೆ ಬಾರದ ಈ ಪ್ರವಾಹದಿಂದ ತಂತಿಯೂ ಟ್ರಾನ್ಸ್‌ಫಾರ್ಮರೂ ವೃಥಾ ಕಾಯುವುವು.

ಪರಿಹಾರ.— ಇಂತಹ ಮೋಟಾರಿಗೆ 2 ಕಿಲೋವಾರಿನ ಕೆಪಾಸಿಟರನ್ನು ಜೋಡಿಸಿದರೆ ತಂತಿಯ ಮೇಲಿನ ಹೊರೆಯು ಅರ್ಧಕ್ಕಿಂತಲೂ ಕಡಮೆಯಾಗುವುದು. ಅದು ಮೋಟಾರಿನೊಡನೆಯೇ ಚಾಲೂ ಆಗಿ ಅದರೊಡನೆಯೇ ನಿಲ್ಲುವಂತಿರಬೇಕು. ಪಂಪು ನಿಂತ ಮೇಲೂ ಕೆಪಾಸಿಟರು ತಂತಿಗೆ ಸೇರಿದ್ದರೆ ವೋಲ್ಟೇಜು ಮತ್ತಷ್ಟು ಏರುವುದು. ಮೋಟಾರು ಡ್ರೈವ್ ಎಂಬ ಯಂತ್ರದ ಮೂಲಕ ನಡೆಯುತ್ತಿದ್ದರೆ, ಡ್ರೈವಿಗೂ ಮೋಟಾರಿಗೂ ನಡುವೆ ಕೆಪಾಸಿಟರನ್ನು ಎಂದಿಗೂ ಹಾಕಕೂಡದು. ಹಾಕಿದರೆ ಡ್ರೈವೇ ಕೆಡುವುದು. ಈಗಿನ ಇನ್ವರ್ಟರುಗಳಲ್ಲಿ ಅನೇಕವು ರಿಯಾಕ್ಟಿವ್ ಶಕ್ತಿಯನ್ನು ಕೊಡಲೂ ಬಲ್ಲವು. ವೋಲ್ಟೇಜು ಏರಿದಾಗ ಅದನ್ನು ಹೀರಿ ಇಳಿಸಲೂ ಬಲ್ಲವು. ಈ ಏರ್ಪಾಡನ್ನು ವಿದ್ಯುತ್ ಕಂಪೆನಿಯ ಎಂಜಿನಿಯರರಿಂದಲೇ ಮಾಡಿಸತಕ್ಕದ್ದು.

ಹಾರ್ಮೋನಿಕ್ಸ್.— ಕೀಳುದರ್ಜೆಯ ಇನ್ವರ್ಟರುಗಳು 50 ಹರ್ಟ್ಸಿನ ಅಲೆಯ ಜೊತೆಗೆ ಅದರ ಹಲವು ಪಟ್ಟಿನ ಅಲೆಗಳನ್ನೂ ಬೆರೆಸುವುವು. ಇವುಗಳಿಂದ ಮೋಟಾರು ಕಾಯುವುದು, ಕೆಪಾಸಿಟರು ಉಬ್ಬುವುದು. ಆದುದರಿಂದ ಪರೀಕ್ಷಾಪತ್ರವಿಲ್ಲದ ಇನ್ವರ್ಟರನ್ನು ಅಗ್ಗವೆಂದು ಕೊಳ್ಳಕೂಡದು.

ಪ್ರಾಣದ ಮಾತು.— ಸರಬರಾಜು ನಿಂತೊಡನೆ ಇನ್ವರ್ಟರೂ ತಂತಿಗೆ ಶಕ್ತಿ ಬಿಡುವುದನ್ನು ನಿಲ್ಲಿಸತಕ್ಕದ್ದು ನಿಯಮ. ಬಿಸಿಲಿದ್ದರೂ ಯಂತ್ರವು ನಿಂತಿತೆಂದು ಕೆಲವರಿಗೆ ಅಸಮಾಧಾನವಾಗಬಹುದು. ಆದರೆ ಕಂಬದ ಮೇಲೆ ಲೈನ್‌ಮನ್ ಕೆಲಸ ಮಾಡುತ್ತಿರುವಾಗ ನಮ್ಮ ಫಲಕದ ಶಕ್ತಿಯು ತಂತಿಗೆ ಹರಿದರೆ ಆತನ ಜೀವಕ್ಕೆ ಅಪಾಯ. ಈ ರಕ್ಷಣೆಯನ್ನು ತಪ್ಪಿಸುವ ಜೋಡಣೆಯನ್ನು ಯಾರ ಮಾತಿಗೂ ಮಾಡಿಸಕೂಡದು.

ಮಧ್ಯಾಹ್ನ ಇನ್ವರ್ಟರು ಮೇಲಿಂದ ಮೇಲೆ ನಿಲ್ಲುತ್ತಿದ್ದರೆ, ಆಗಿನ ವೇಳೆಯನ್ನೂ ವೋಲ್ಟೇಜನ್ನೂ ಒಂದು ವಾರ ಬರೆದಿಟ್ಟು ಎಂಜಿನಿಯರರಿಗೆ ತೋರಿಸಿರಿ. ದೋಷವು ತಂತಿಯಲ್ಲಿದೆಯೋ ಯಂತ್ರದಲ್ಲಿದೆಯೋ ಎಂಬುದನ್ನು ಗೊತ್ತುಮಾಡಲು ಅದು ಬಹಳ ಸಹಾಯವಾಗುವುದು.